‘ಇಳಿಸಿ’ ಎನ್ನುತ್ತಿದ್ದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹದಿನೈದು ದಿನ ತಡವಾಗಿ, ಮಾಲೂರಿನ ಸಂತೆಯಲ್ಲಿ, ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೊಬ್ಬರ ಬಾಯಿಂದ. ನಾನು ‘ಅಯ್ಯೋ ಪಾಪ’ ಎಂದೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಮೇಷ್ಟ್ರ ಜೊತೆ ಮನಸ್ಸಿನಲ್ಲೇ ಹಳೆಯ ಜಗಳವನ್ನು ಮತ್ತೆ ಆಡಿಕೊಂಡು ಬಂದೆ. ಈ ಸಲವೂ ಅವರು ಸೋಲಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಡೋಣ. ಅದಕ್ಕೆ ಮೊದಲು, ಆ ಮನುಷ್ಯ ಮೂರು ವರ್ಷ ನನ್ನ ಪ್ರಾಣ ಹೇಗೆ ತಿಂದರು ಎಂಬುದನ್ನು ಹೇಳಿಬಿಡುತ್ತೇನೆ.

ಅದು ಯುದ್ಧದ ಕಾಲ. ಕೋಲಾರದ ಹೊರಗೆ, ಮುಳಬಾಗಿಲು ರಸ್ತೆಯಿಂದ ಸ್ವಲ್ಪ ಒಳಗೆ, ರಾಗಿ ಹೊಲಗಳನ್ನು ಮಟ್ಟ ಮಾಡಿ ವಿಮಾನ ಇಳಿಸಲು ಒಂದು ಬಯಲು ಸಿದ್ಧ ಮಾಡಿದ್ದರು. ಒಂದು ತುದಿಗೆ ಬಂಡೆಗಳ ಗುಡ್ಡ. ಇನ್ನೊಂದು ತುದಿಗೆ ಕೆರೆಯ ಏರಿ, ಏರಿಯ ಮೇಲೆ ಹುಣಸೆ ಮರಗಳ ಸಾಲು. ವಿಮಾನ ಮೇಲೇಳಬೇಕಾದದ್ದು ಆ ಹುಣಸೆ ಮರಗಳ ಕಡೆಗೆ. ನಾನು ಅಲ್ಲಿ ಸಾಮಾನಿನ ಉಸ್ತುವಾರಿಗಿದ್ದೆ. ಮಾಲೂರು ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದ ಸರಕನ್ನು ಲಾರಿಯಲ್ಲಿ ತಂದು, ಪೂರ್ವದ ಗಡಿಯ ಕಡೆಗೆ ಹೋಗುವ ವಿಮಾನಗಳಿಗೆ ತುಂಬಿಸುವುದು ನನ್ನ ಕೆಲಸ. ಆ ವಿಮಾನ ಎಷ್ಟು ಭಾರ ಹೊರಬಹುದು ಎಂದು ಲೆಕ್ಕ ಹಾಕಿ ಚೀಟಿ ಬರೆದುಕೊಡುವುದು ಮೇಷ್ಟ್ರ ಕೆಲಸ.

ಅವರು ಮುಳಬಾಗಿಲಿನವರು. ಶ್ರೀನಿವಾಸಪುರದ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಲೆಕ್ಕ ಬಲ್ಲವರು ಬೇಕೆಂದು ಕರೆದಾಗ ಶಾಲೆಗೆ ರಜೆ ಹಾಕಿ ಬಂದವರು. ಮುಚ್ಚುಕೋಟು, ಪಂಚೆ, ಕರಿ ಟೋಪಿ, ಒಂದು ಕಡ್ಡಿ ಮುರಿದು ದಾರ ಕಟ್ಟಿದ ಕನ್ನಡಕ. ಎಲ್ಲರೂ ಬೆವರಿನಲ್ಲಿ ತೋಯ್ದು ಓಡಾಡುವ ಹೊತ್ತಿನಲ್ಲಿ ಅವರು ಬೇವಿನ ಮರಕ್ಕೆ ತೂಗುಹಾಕಿದ ಥರ್ಮಾಮೀಟರಿನ ಮುಂದೆ ಕೈಕಟ್ಟಿ ನಿಂತಿರುತ್ತಿದ್ದರು. ಅದು ಏರುವುದನ್ನೇ ಕಾಯುತ್ತಿದ್ದಾರೇನೋ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಗೆರೆ ಏರಿದರೆ ನನ್ನ ಎರಡು ಮೂಟೆ ಇಳಿಯುತ್ತಿದ್ದವು.

ನಮ್ಮದು ಎತ್ತರದ ನೆಲವಂತೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲಾದರೆ ಇನ್ನೂ ತೆಳು, ತೆಳುಗಾಳಿಯಲ್ಲಿ ರೆಕ್ಕೆಗೆ ಆಸರೆ ಸಾಲದಂತೆ. ಇದನ್ನೆಲ್ಲ ನನಗೆ ಹೇಳಿದವರು ಅವರೇ, ನಾನು ಕೇಳದೆ ಇದ್ದರೂ.

ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಯುದ್ಧಕಾಲದ ವಿಮಾನಗಳಲ್ಲಿ ಒಂದಲ್ಲ ಒಂದು ಕೆಟ್ಟೇ ಇರುತ್ತಿತ್ತು. ಬದಲಿ ಸಾಮಾನು ಬರುವ ತನಕ ವಿಮಾನ ನಿಲ್ಲಿಸಿಕೊಂಡು ಕೂತರೆ ಯುದ್ಧ ಕಾಯುವುದಿಲ್ಲ. ಆದ್ದರಿಂದ ಕೆಟ್ಟದ್ದನ್ನು ಕೆಟ್ಟ ಹಾಗೆಯೇ ಇಟ್ಟುಕೊಂಡು, ಅದಕ್ಕೆ ತಕ್ಕಷ್ಟು ಭಾರ ಕಡಿಮೆ ಮಾಡಿ ಹಾರಬಹುದು ಎಂಬ ನಿಯಮವಿತ್ತು. ಒಂದು ಚಕ್ರದ ಬ್ರೇಕು ಸಡಿಲವೇ? ಇಷ್ಟು ಇಳಿಸಿ. ರೆಕ್ಕೆಯ ಹಿಂದಿನ ಪಟ್ಟಿ ಕೆಳಗೆ ಬಾಗುತ್ತಿಲ್ಲವೇ? ಇಷ್ಟು ಇಳಿಸಿ. ಆ ‘ಇಷ್ಟು’ ಎಷ್ಟೆಂದು ಹೇಳುವವರು ಮೇಷ್ಟ್ರು.

ಮೊದಲ ದಿನವೇ ನಮಗೆ ಹತ್ತಿಕೊಂಡಿತು. ಅರವತ್ತು ಮೂಟೆ ತುಂಬಿಸಿ, ಹಗ್ಗ ಬಿಗಿಸಿ, ಹಣೆ ಒರೆಸಿಕೊಳ್ಳುತ್ತಿದ್ದೆ. ಇವರು ಮೆಲ್ಲಗೆ ಬಂದರು.

“ಹನ್ನೊಂದು ಇಳಿಸ್ಬಿಡಿ ಸ್ವಾಮಿ.”

“ಯಾಕ್ರೀ?”

“ಎಣ್ಣೆ ಪಂಪು ಸೋರ್ತಾ ಇದೆ. ಅದಕ್ಕೇ ರೆಕ್ಕೆ ಪಟ್ಟಿ ಪೂರ್ತಿ ಬಾಗಲ್ಲ. ಓಟ ಉದ್ದ ಆಗುತ್ತೆ.”

“ಪಂಪು ಸೋರಿದ್ರೆ ಪಂಪನ್ನ ಇಳಿಸಿ. ನನ್ನ ಮೂಟೆ ಏನ್ ಮಾಡ್ತು?”

ಅವರಿಗೆ ಅದು ತಮಾಷೆ ಎನ್ನಿಸಲಿಲ್ಲ. ಗಂಭೀರವಾಗಿ ಯೋಚಿಸಿ, “ಪಂಪು ಬರೀ ಮೂವತ್ತು ಪೌಂಡು ಸ್ವಾಮಿ, ಸಾಲಲ್ಲ. ಅದೂ ಅಲ್ದೆ ಕೆಟ್ಟ ಸಾಮಾನು ಕೆಲಸ ಬಿಟ್ರೂ ತೂಕ ಬಿಡಲ್ಲ ನೋಡಿ,” ಎಂದರು. ಆಮೇಲೆ ಆ ಮಾತನ್ನು ಮೂರು ವರ್ಷ ಕೇಳಿದೆ.

ನಮ್ಮ ಹಮಾಲಿಗಳಲ್ಲಿ ಹೆಚ್ಚಿನವರು ತಾಯಲೂರು, ನಂಗಲಿ ಕಡೆಯ ತೆಲುಗು ಮಾತಿನವರು. ‘ಎಕ್ಕಿಂಚೇದಿ ಮನಮು, ದಿಂಪಿಂಚೇದಿ ಆಯನ’ ಎಂದು ನಗುತ್ತಿದ್ದರು. ಹತ್ತಿಸುವವರು ನಾವು, ಇಳಿಸುವವರು ಅವರು ಎಂದು. ಅವರಿಗೆ ದಿಂಪಯ್ಯ ಎಂದೇ ಹೆಸರಿಟ್ಟರು. ಮೇಷ್ಟ್ರಿಗೂ ಅದು ಗೊತ್ತಿತ್ತು. ಒಂದು ದಿನ ಹಮಾಲಿಗಳ ಮೇಸ್ತ್ರಿ ಮಸ್ತಾನ್ ಸಾಬಿ ಬಾಯಿತಪ್ಪಿ ಎದುರಿಗೇ “ದಿಂಪಯ್ಯ ಸಾಬ್” ಎಂದುಬಿಟ್ಟ. ಇವರು ತಿರುಗಿ ನೋಡಿ “ಏನ್ ಮೇಸ್ತ್ರಿ?” ಎಂದರು, ಹುಟ್ಟಿದ ಹೆಸರೇ ಅದು ಎಂಬಂತೆ.

ದರ್ಜೆಯ ಭಯವಾದರೂ ಇತ್ತೇ ಎಂದರೆ ಅದೂ ಇಲ್ಲ. ಒಮ್ಮೆ ಒಬ್ಬ ಕರ್ನಲ್ ಬಂದ. ಕೆಂಪು ಮುಖ, ಕೈಯಲ್ಲಿ ಬೆತ್ತ. ವಿಮಾನ ಹತ್ತುವವನನ್ನು ಮೇಷ್ಟ್ರು ತಡೆದು, ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಲು ಹೇಳಿದರು. ಅವನು ತನ್ನ ತೂಕ ಇಷ್ಟು ಎಂದು ಬಾಯಲ್ಲಿ ಹೇಳಿದ. ಇವರು ತಕ್ಕಡಿಯನ್ನೇ ತೋರಿಸಿದರು. ಅವನು ಕಿರಿಚಾಡಿ, ಕೊನೆಗೆ ಹತ್ತಿ ನಿಂತ. ಇಪ್ಪತ್ತು ಪೌಂಡು ಹೆಚ್ಚು ಬಂತು. “ಬೂಟು,” ಎಂದು ಗೊಣಗಿದ ಕರ್ನಲ್. “ಬೂಟೂ ಹತ್ತುತ್ತಲ್ಲ ಸಾರ್,” ಎಂದು ಇವರು ಇಂಗ್ಲಿಷಿನಲ್ಲಿ ವಿನಯವಾಗಿ ಹೇಳಿ, ನನ್ನ ಕಡೆ ತಿರುಗಿ, “ಒಂದು ಡಬ್ಬ ಇಳಿಸಿ ಸ್ವಾಮಿ,” ಎಂದರು. ಕರ್ನಲ್ಲನ ಬೂಟಿಗೂ ದಂಡ ತೆತ್ತವನು ನಾನೇ!

ಕೆಲಸದ ಹೊರಗಾದರೂ ಬಿಟ್ಟರೇ? ಮುಳಬಾಗಿಲಿನಲ್ಲಿ ಅವರ ಸೋದರಮಾವನ ಮಗಳ ಮದುವೆ. ಕಚೇರಿಯಿಂದ ನಾಲ್ಕು ಜನ ಹೊರಟೆವು. ಪೆಟ್ರೋಲಿಲ್ಲದ ಕಾಲ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಹತ್ತಿ ಕೂತ ಮೇಲೆ ಇವರು ಡ್ರೈವರನ್ನು ಕೇಳಿದರು, “ಕೈಬ್ರೇಕು ಇದೆಯೇನಪ್ಪಾ?” ಅವನು, “ಕೈಬ್ರೇಕು ಹೋಗಿ ಆರು ತಿಂಗ್ಳಾಯ್ತು ಸಾಮಿ, ದೇವ್ರವ್ನೆ,” ಎಂದ. ಇವರು ಬಸ್ಸಿನ ಉದ್ದಕ್ಕೂ ತಲೆ ಎಣಿಸಿದರು. ತುಟಿ ಅಲ್ಲಾಡಿತು. “ನಾಲ್ಕು ಜನ ಹೆಚ್ಚು. ಬನ್ನಿ, ಇಳಿಯೋಣ,” ಎಂದರು. ಮರ್ಯಾದೆಗೆ ಕಟ್ಟುಬಿದ್ದು ಇಳಿದೆವು. ಬಸ್ಸು ನಮ್ಮ ಮುಖಕ್ಕೆ ಹೊಗೆ ಬಿಟ್ಟು ಹೋಯಿತು. ನಾವು ನಡೆದೂ, ಯಾರದೋ ಗಾಡಿ ಹತ್ತಿಯೂ ತಲುಪಿದಾಗ ಧಾರೆ ಮುಗಿದು ಎರಡನೇ ಪಂಕ್ತಿಯ ಎಲೆ ಎತ್ತುತ್ತಿದ್ದರು. ಬಸ್ಸು ಯಾವ ವಿಘ್ನವೂ ಇಲ್ಲದೆ ಬಂದು ಮಂಟಪದ ಮುಂದೆಯೇ ನಿಂತಿತ್ತು.

ನನ್ನ ಸಂಕಟದ ಮೂಲ ಇದೇ. ಎಲ್ಲವೂ ಸುಸೂತ್ರವಾಗಿಯೇ ನಡೆಯುತ್ತಿತ್ತು. ಅವರು ಇದ್ದಷ್ಟು ದಿನ ನಮ್ಮ ಬಯಲಿನಿಂದ ಎದ್ದ ಒಂದು ವಿಮಾನವೂ ಬೀಳಲಿಲ್ಲ. ಅವರು ಇಳಿಸಿದ್ದರಿಂದ ಬೀಳಲಿಲ್ಲವೋ, ಇಳಿಸದಿದ್ದರೂ ಬೀಳುತ್ತಿರಲಿಲ್ಲವೋ, ಹೇಳುವವರು ಯಾರು? ಒಂದು ಸಲ ಸೋತಿದ್ದರೆ ಬೈಯಬಹುದಿತ್ತು, ಒಂದು ಸಲ ಕಣ್ಣಿಗೆ ಕಾಣುವಂತೆ ಗೆದ್ದಿದ್ದರೆ ಕೈ ಮುಗಿಯಬಹುದಿತ್ತು. ಎರಡಕ್ಕೂ ಅವರು ಆಸ್ಪದ ಕೊಡಲಿಲ್ಲ.

ಇನ್ನು ಆ ದಿನದ ವಿಷಯ.

ನನ್ನ ತಮ್ಮ ಆಗ ಪೂರ್ವದ ಗಡಿಯಲ್ಲಿ ಸೈನ್ಯದ ಲಾರಿ ಓಡಿಸುತ್ತಿದ್ದ. ಅವನ ಕಾಗದ ಬಂದು ಎರಡು ದಿನವಾಗಿತ್ತು. ‘ಇಲ್ಲಿ ಗುಂಡಿಗಿಂತ ಚಳಿಜ್ವರದಲ್ಲಿ ಮಲಗಿದವರೇ ಹೆಚ್ಚು. ನನಗೂ ಬಿಟ್ಟು ಬಿಟ್ಟು ಬರುತ್ತಿದೆ. ಕ್ವಿನೈನ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಮ್ಮನಿಗೆ ಹೇಳಬೇಡ’ ಎಂದು ಬರೆದಿದ್ದ. ಅಂದು ನನ್ನ ಲಾರಿಯಲ್ಲಿ ಬಂದದ್ದು ಔಷಧದ ಪೆಟ್ಟಿಗೆಗಳು, ಒಂದೊಂದು ಎಂಬತ್ತು ಪೌಂಡು. ನಾನೇ ಹೆಗಲು ಕೊಟ್ಟು ಹತ್ತಿಸಿದೆ. ಬೇಸಗೆಯ ನಡುಮಧ್ಯಾಹ್ನ, ಬಯಲಿನ ಮೇಲೆ ಝಳ ಕುಣಿಯುತ್ತಿತ್ತು.

ಮೇಷ್ಟ್ರು ಚೀಟಿ ಹಿಡಿದು ಬಂದರು. “ಹದಿನಾಲ್ಕು ಇಳಿಸ್ಬೇಕು ಸ್ವಾಮಿ.”

“ಇವತ್ತು ಏನ್ ಕೆಟ್ಟಿದೆ?”

ಎಡಗಡೆಯ ಇಂಜಿನ್ನು ತೋರಿಸಿದರು. ಹಾರುವಾಗ ಒಂದು ಇಂಜಿನ್ನು ನಿಂತುಹೋದರೆ, ಅದರ ಪಂಖದ ಎಲೆಗಳನ್ನು ಗಾಳಿಗೆ ಅಂಚು ಮಾಡಿ ತಿರುಗಿಸಿಬಿಡುವ ಒಂದು ಸಲಕರಣೆ ಇರುತ್ತದಂತೆ. ಆಗ ಸತ್ತ ಪಂಖ ಗಾಳಿಯನ್ನು ತಡೆಯುವುದಿಲ್ಲ. ಎಡಗಡೆಯ ಸಲಕರಣೆ ಕೆಟ್ಟಿತ್ತು.

“ಅಂದ್ರೆ ಇಂಜಿನ್ನು ಚೆನ್ನಾಗೇ ಇದೆ?” ಎಂದೆ.

“ಚೆನ್ನಾಗಿದೆ.”

“ಅದು ನಿಂತ್ರೆ ತಾನೇ ನಿಮ್ಮ ಸಲಕರಣೆ ಬೇಕಾಗೋದು? ನಿಲ್ಲದೆ ಇರೋ ಇಂಜಿನ್ನಿಗೆ ಹದಿನಾಲ್ಕು ಪೆಟ್ಟಿಗೇನಾ?”

“ಗಾಡೀಲಿ ಒಂದು ಎತ್ತು ಬಿತ್ತು ಅಂತಿಟ್ಕೊಳ್ಳಿ,” ಎಂದರು ಮೇಷ್ಟ್ರು, ಮೂರನೇ ತರಗತಿಗೆ ಪಾಠ ಹೇಳುವ ತಾಳ್ಮೆಯಲ್ಲಿ. “ನೊಗ ಬಿಚ್ಚಿ ಅದನ್ನ ಪಕ್ಕಕ್ಕೆ ಹಾಕಿದ್ರೆ ಇನ್ನೊಂದು ಹೆಂಗೋ ಗಾಡಿ ಎಳ್ಕೊಂಡು ಹೋಗುತ್ತೆ. ನೊಗ ಬಿಚ್ಚೋಕೇ ಬರ್ದಿದ್ರೆ? ಗಾಡೀನೂ ಎಳೀಬೇಕು, ಬಿದ್ದ ಎತ್ತನ್ನೂ ಎಳೀಬೇಕು. ಎದುರಿಗೆ ಏರಿ, ಹುಣಸೆ ಮರ. ಅದಕ್ಕೇ ಗಾಡಿ ಹಗುರ ಇರ್ಬೇಕು.”

“ಸಂಜೆ ತಣ್ಣಗಾದ ಮೇಲೆ ಕಳಿಸಿದ್ರೆ?”

“ಕತ್ತಲಾಗೋದ್ರೊಳಗೆ ಮುಂದಿನ ತಂಗುದಾಣ ಮುಟ್ಬೇಕು ಅಂತಾರೆ ಪೈಲಟ್ಟು. ಈಗ್ಲೇ ಹೊರಡ್ಬೇಕು.”

ನಾನು ತಮ್ಮನ ಕಾಗದ ತೆಗೆದು ತೋರಿಸಿದೆ. ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದರು. ಮಡಚಿ ಕೈಗೆ ಕೊಟ್ಟರು. ಅವರ ಕಣ್ಣು ತೇವವಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ಹೇಳಿದ್ದು ಮಾತ್ರ ಅದೇ, “ಹದಿನಾಲ್ಕು ಸ್ವಾಮಿ.”

ಇಳಿಸಿದೆವು. ಅವರು ಷೆಡ್ಡಿಗೆ ಹೋದರು. ಅವರ ಬೆನ್ನು ಮರೆಯಾದ ಕೂಡಲೇ ನಾನು ಮಸ್ತಾನ್ ಸಾಬಿಗೆ ಸನ್ನೆ ಮಾಡಿದೆ. ಅವನು ನನ್ನ ಮುಖ ನೋಡಿ, “ಬೇಡ ಸಾಬ್, ಅವ್ರು ಬರ್ದಿದ್ದು ಬರ್ದಿದ್ದೇ,” ಎಂದ. ನಾನು ಅವನನ್ನು ಗದರಿಸಿದೆ. ನಾಲ್ಕು ಪೆಟ್ಟಿಗೆ ಮತ್ತೆ ಒಳಗೆ ಹೋದವು.

ಅದು ಹೊರಬಿದ್ದದ್ದು ಹೇಗೆ ಗೊತ್ತೇ? ಔಷಧದ ಪೆಟ್ಟಿಗೆಗಳು ಬಿಸಿಲಿಗೆ ಕೆಡುತ್ತವೆಂದು ಮೇಷ್ಟ್ರು ಷೆಡ್ಡಿನಿಂದ ಒಂದು ಟಾರ್ಪಾಲು ಹೊತ್ತುಕೊಂಡು ಬಂದರು. ಹೊದಿಸಲು ನೋಡಿದರೆ ನೆಲದ ಮೇಲೆ ಹತ್ತೇ ಪೆಟ್ಟಿಗೆ. ನನ್ನ ಕಡೆ ನೋಡಿದರು. ಬೈಯಲಿಲ್ಲ. ಅಷ್ಟು ಹೊತ್ತಿಗೆ ಪೈಲಟ್ಟು ಏಣಿಯ ಹತ್ತಿರ ಬಂದಿದ್ದ. ಅವನ ಮುಂದೆ ನನ್ನ ಹೆಸರು ಎತ್ತಿದ್ದರೆ ನನ್ನ ಕೆಲಸ ಅಂದೇ ಹೋಗುತ್ತಿತ್ತು. “ಎಣಿಕೆ ತಪ್ಪಾಗಿದೆ, ಒಂದು ನಿಮಿಷ ಸಾರ್,” ಎಂದಷ್ಟೇ ಹೇಳಿ, ಟೋಪಿ ತೆಗೆದು ನೆಲದ ಮೇಲಿಟ್ಟು, ತಾವೇ ಒಳಗೆ ಹತ್ತಿದರು.

ಪೆನ್ಸಿಲು ಬಿಟ್ಟು ಬೇರೇನೂ ಎತ್ತದ ಮನುಷ್ಯ. ಎಂಬತ್ತು ಪೌಂಡಿನ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಏಣಿ ಇಳಿದರು. ಒಂದು. ಎರಡು. ಹಮಾಲಿಗಳು ನನ್ನ ಅಪ್ಪಣೆಗಾಗಿ ನನ್ನನ್ನೇ ನೋಡುತ್ತಿದ್ದರು. ನಾನು ಕೈಕಟ್ಟಿ ನಿಂತಿದ್ದೆ. ಮೂರನೆಯದಕ್ಕೆ ಕಾಲು ಜಾರಿ ಮೊಣಕಾಲು ಊರಿ ಬಿದ್ದರು. ಪಂಚೆ ಹರಿದು ರಕ್ತ ಬಂತು. ಪೆಟ್ಟಿಗೆಯನ್ನು ಮಾತ್ರ ಎದೆಗೆ ಅವಚಿಕೊಂಡಿದ್ದರು. ಮಸ್ತಾನ್ ಸಾಬಿ ಇನ್ನು ತಡೆಯಲಾರದೆ ಓಡಿಹೋಗಿ ನಾಲ್ಕನೆಯದನ್ನು ತಂದ. ನಾನು ಆಗಲೂ ನಿಂತಲ್ಲಿಂದ ಅಲುಗಲಿಲ್ಲ.

ವಿಮಾನ ಓಡಿತು, ಎದ್ದಿತು, ಹುಣಸೆ ಮರಗಳ ಮೇಲೆ ಧಾರಾಳವಾಗಿ ಹಾದುಹೋಯಿತು. ಎರಡೂ ಇಂಜಿನ್ನು ಗುಂಯ್ ಎಂದು ಒಂದೇ ಸ್ವರದಲ್ಲಿ. ಸದ್ದು ಅಡಗಿದ ಮೇಲೆ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. “ನೋಡಿದ್ರಾ? ಏನಾಯ್ತು? ನಿಂತಿತಾ ನಿಮ್ಮ ಇಂಜಿನ್ನು? ಆಗ್ದೆ ಇರೋದಕ್ಕೆ ಹೆದ್ರಿ ಹೆದ್ರಿ, ಆಗ್ತಾ ಇರೋದಕ್ಕೆ ಜನನ್ನ ಸಾಯಿಸ್ತೀರಿ! ನಿಮ್ಮ ಮನೇಲಿ ಯಾರಾದ್ರೂ ಅಲ್ಲಿದ್ದಿದ್ರೆ ಗೊತ್ತಾಗ್ತಿತ್ತು!” ಇನ್ನೂ ಏನೇನೋ. ಬರೆಯಲಾರೆ. ಅವರು ಬಗ್ಗಿ ಟೋಪಿ ಎತ್ತಿಕೊಂಡು, ಧೂಳು ಕೊಡವಿ, ಹದಿನಾಲ್ಕು ಪೆಟ್ಟಿಗೆಗೂ ಟಾರ್ಪಾಲು ಹೊದಿಸಿ, ಕುಂಟುತ್ತ ಷೆಡ್ಡಿಗೆ ಹೋದರು.

ಆ ಪೆಟ್ಟಿಗೆಗಳು ಆರು ದಿನ ಅಲ್ಲೇ ಇದ್ದವು. ಏಳನೆಯ ದಿನ ಬೇರೊಂದು ವಿಮಾನದಲ್ಲಿ ಹೋದವು. ಆ ಬಯಲು ಮುಚ್ಚುವ ತನಕ ನಾವಿಬ್ಬರೂ ಚೀಟಿಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಮುಚ್ಚಿದ ಮೇಲೆ ಅವರು ಶ್ರೀನಿವಾಸಪುರದ ಶಾಲೆಗೆ ಮರಳಿದರು, ನಾನು ಮಾಲೂರಿಗೆ ಬಂದೆ.

ತಮ್ಮ ಬದುಕಿ ಬಂದ. ಹಳದಿ ಬಣ್ಣಕ್ಕೆ ತಿರುಗಿ, ಅರ್ಧ ಆಳಾಗಿ. ಒಂದು ದಿನ ಊಟದ ಹೊತ್ತಿನಲ್ಲಿ ಅವನಿಗೆ ಈ ಪೆಟ್ಟಿಗೆಗಳ ಕತೆ ಹೇಳಿ, ಮೇಷ್ಟ್ರನ್ನು ಚೆನ್ನಾಗಿ ಬೈದೆ. ಅವನು ತುತ್ತು ಕಲೆಸುತ್ತಲೇ, “ಪೆಟ್ಟಿಗೆ ಎಷ್ಟು ಬಂತು ಅಂತ ನಾವ್ಯಾರೂ ನೋಡ್ತಾ ಇರ್ಲಿಲ್ಲ ಕಣಣ್ಣ. ವಿಮಾನ ಬಂತಾ ಅಂತ ಆಕಾಶ ನೋಡ್ತಾ ಇದ್ವಿ, ಅಷ್ಟೇ,” ಎಂದ. ನನ್ನ ಪರ ಮಾತಾಡುತ್ತಾನೆಂದುಕೊಂಡಿದ್ದ ನನಗೆ ಅವನ ಮೇಲೂ ರೇಗಿತು.

ಇದಾಗಿ ಎರಡು ವರ್ಷದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಮೇಷ್ಟ್ರು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಶ್ರೀನಿವಾಸಪುರದಿಂದ ಕೋಲಾರದ ತನಕ ಬಸ್ಸಿನಲ್ಲಿ ಬಂದು, ಅಲ್ಲಿಂದ ಬಾಡಿಗೆ ಸೈಕಲ್ ತುಳಿದುಕೊಂಡು ಬಂದಿದ್ದರು. ಕೋಟಿನ ಬೆನ್ನು ಪೂರ್ತಿ ಒದ್ದೆ. ಮುದುಕರಾಗಿದ್ದರು. ನನ್ನ ಹೆಂಡತಿ ಕಾಫಿ ತಂದಿಟ್ಟಳು. ಅವರು ಅದನ್ನು ಮುಟ್ಟದೆ ಚೀಲದಿಂದ ಹಳೆಯ ನೋಟುಪುಸ್ತಕ ತೆಗೆದರು.

“ಬಯಲು ಮುಚ್ಚಿದಾಗ್ಲಿಂದ ಒಂದೊಂದೇ ದಿನದ ಲೆಕ್ಕ ಮತ್ತೆ ಮಾಡ್ತಾ ಇದೀನಿ ಸ್ವಾಮಿ.”

“ಯಾಕ್ರೀ? ಯುದ್ಧ ಮುಗೀಲಿಲ್ವಾ?”

“ಯುದ್ಧ ಮುಗೀತು. ಲೆಕ್ಕ ಸರಿಯಾಗಿತ್ತೋ ಇಲ್ವೋ ನೋಡ್ಬೇಕಲ್ಲ.” ಪುಟ ತೆರೆದು ಬೆರಳಿಟ್ಟರು. “ಆ ಹದಿನಾಲ್ಕು ಪೆಟ್ಟಿಗೆ ದಿನದ್ದು. ಇಲ್ಲಿ ಬಿಸಿಲಿಗೆ ಅಂತ ಕಳೆದಿದೀನಿ. ಆದ್ರೆ ಈ ಮೇಲಿನ ಅಂಕಿ ತಗೊಂಡ ಕೋಷ್ಟಕದಲ್ಲಿ ಬಿಸಿಲು ಮೊದ್ಲೇ ಸೇರಿತ್ತು. ಎರಡು ಸಲ ಕಳೆದುಬಿಟ್ಟೆ. ಹನ್ನೆರಡು ಇಳಿಸಿದ್ರೆ ಸಾಕಾಗಿತ್ತು. ಎರಡು ಪೆಟ್ಟಿಗೆ ಹೋಗ್ಬಹುದಿತ್ತು.”

ಅವರು ಮುಂದುವರಿಸಿದರು, “ಆವತ್ತು ನೀವು ನನ್ನ ಬೈದ್ರಲ್ಲ, ಅದ್ರಲ್ಲಿ ಎರಡು ಪೆಟ್ಟಿಗೆ ಅಷ್ಟು ಬೈಗುಳ ನನಗೆ ಸಲ್ಲಬೇಕಾದ್ದೇ. ಮಿಕ್ಕಿದ್ದು ಅಲ್ಲ.”

“ಅಯ್ಯೋ ಮೇಷ್ಟ್ರೇ! ನನ್ನ ತಮ್ಮ ಬಂದ, ಒಳಗೆ ಮಲಗಿದಾನೆ. ಪೆಟ್ಟಿಗೆ ಎಷ್ಟು ಬಂತು ಅಂತ ಯಾರೂ ನೋಡ್ಲಿಲ್ವಂತೆ. ಬಿಟ್ಹಾಕಿ ಅದನ್ನ!”

“ಅವ್ರು ಬಂದಿದ್ದು ಸಂತೋಷ ಸ್ವಾಮಿ. ಬಹಳ ಸಂತೋಷ. ಆದ್ರೆ ಅದು ಬೇರೆ, ಇದು ಬೇರೆ.” ಇನ್ನೊಂದು ಪುಟ ಮಗುಚಿ, ತಗ್ಗಿದ ದನಿಯಲ್ಲಿ ಹೇಳಿದರು, “ಇನ್ನೂ ಮೂರು ದಿನದ್ದು ತಪ್ಪು ಸಿಕ್ಕಿದೆ. ಅವು ಇಳಿಸ್ಬೇಕಾದ್ದನ್ನ ಇಳಿಸದೆ ಹೆಚ್ಚಿಗೆ ಭಾರ ಬಿಟ್ಟಿದ್ದು. ಆ ಪೈಲಟ್ಟುಗಳಿಗೆ ಹೇಳೋಣ ಅಂದ್ರೆ ವಿಳಾಸ ಇಲ್ಲ. ನಿಮ್ಮ ಮನೆ ಗೊತ್ತಿತ್ತು.”

ಮತ್ತೆ ಸಿಟ್ಟು ಬಂತು. ಹತ್ತೊಂಬತ್ತು ಮೈಲಿ ಬಿಸಿಲಲ್ಲಿ ತುಳಿದು ಬಂದು ಇದನ್ನು ಹೇಳುವ ಮನುಷ್ಯನ ಮೇಲೆ, ಆವತ್ತು ಕೈಕಟ್ಟಿ ನಿಂತಿದ್ದ ನನ್ನ ಮೇಲೆ, ಎಲ್ಲದರ ಮೇಲೆ. “ಈಗ ನಾನೇನ್ ಮಾಡ್ಬೇಕು ಅಂತೀರಿ?” ಎಂದು ಹೆಚ್ಚೂಕಡಿಮೆ ಕೂಗಿದೆ.

“ಒಂದ್ಸಲ ತಾಳೆ ನೋಡಿ. ಇನ್ನೊಬ್ರು ನೋಡಿದ್ರೆ ಒಳ್ಳೇದು.”

ಮೂರು ವರ್ಷ ಅವರ ಚೀಟಿಗಳನ್ನು ಹಿಡಿದು ಹಲ್ಲು ಕಡಿದವನು ನಾನು. ಒಂದು ದಿನವೂ ಅದರ ಹಿಂದಿನ ಲೆಕ್ಕ ನೋಡಿದವನಲ್ಲ. ಪೆನ್ಸಿಲು ತೆಗೆದುಕೊಂಡು ಅವರ ಪಕ್ಕದಲ್ಲಿ ಕೂತೆ. ರನ್‌ವೇ ಉದ್ದ, ನೆಲದ ಎತ್ತರ, ಬಿಸಿಲು, ಗಾಳಿ, ವಿಮಾನದ ಬರಿ ತೂಕ, ಎಣ್ಣೆ, ಪೈಲಟ್ಟುಗಳು, ಕೆಟ್ಟ ಸಲಕರಣೆ. ಒಂದೊಂದು ಸಾಲಿಗೂ ನಾನು ಅಡ್ಡ ಪ್ರಶ್ನೆ ಕೇಳಿದೆ, ಅವರು ಹೇಳಿದರು. ಎರಡು ಕಡೆ ನಾನು ತಪ್ಪಿದಾಗ ಮೊದಲಿನಿಂದ ಮಾಡಿಸಿದರು. ನೆರಳು ಜಗುಲಿಯಿಂದ ಇಳಿದು ಬೀದಿ ದಾಟಿತು. ಕೊನೆಯ ಮೊತ್ತದ ಕೆಳಗೆ ಗೆರೆ ಎಳೆದು ನೋಡಿದೆ.

“ಹೌದು ಮೇಷ್ಟ್ರೇ,” ಎಂದೆ. “ಎರಡು ಪೆಟ್ಟಿಗೆ ಹೋಗ್ಬಹುದಿತ್ತು. ಮಿಕ್ಕಿದ ಹನ್ನೆರಡು ಇಳಿಸ್ಬೇಕಾದ್ದೇ.”

ಅವರು ತಲೆಯಾಡಿಸಿ, ಪುಸ್ತಕ ಮುಚ್ಚಿ, ಆರಿ ಕೆನೆಕಟ್ಟಿದ್ದ ಕಾಫಿಯನ್ನು ಆಗ ಕೈಗೆ ತೆಗೆದುಕೊಂಡರು. ಬಿಸಿ ಮಾಡಿಸುತ್ತೇನೆಂದು ನಾನು ಎಷ್ಟು ಹೇಳಿದರೂ ಕೇಳದೆ, ಹಾಗೆಯೇ ಕುಡಿದರು.